ಹಿರಿಯರ ಬಚ್ಚಲುಮನೆ ಸಜ್ಜುಗೊಳಿಸುವ ಕ್ರಮ: ಅಳತೆ ಮೊದಲು, ಹಿಡಿಕೆ ಆಮೇಲೆ

ಬಚ್ಚಲಿನ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದ ಮೇಲೂ ಅಮ್ಮ ಜಾರಿ ಬಿದ್ದರು. ಅಪ್ಪ ಆ ಹಿಡಿಕೆಯನ್ನು ಮುಟ್ಟುವುದೇ ಇಲ್ಲ. ಅಜ್ಜಿ ಎಳೆದಾಗ ಅದು ಟೈಲ್ಸ್ ಸಮೇತ ಕಿತ್ತು ಬಂತು. ಈ ಮೂರು ದೂರುಗಳನ್ನು ನಾನು ಬೇರೆ ಬೇರೆ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಮೂರಕ್ಕೂ ಮೂಲ ಒಂದೇ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಅಂಗಡಿಯಿಂದ ಹಿಡಿಕೆ ಬರುತ್ತದೆ, ಆಮೇಲೆ ಪ್ಲಂಬರ್ ಬಂದು ಗೋಡೆಯಲ್ಲಿ ಖಾಲಿ ಕಂಡ ಕಡೆ ಅದನ್ನು ಕೂರಿಸುತ್ತಾರೆ, ಸ್ನಾನ ಮಾಡುವವರು ಎಲ್ಲಿ ಕೂರುತ್ತಾರೆ, ಏಳುವಾಗ ಯಾವ ಕೈ ಊರುತ್ತಾರೆ ಎಂಬುದನ್ನು ಯಾರೂ ನೋಡಿರುವುದಿಲ್ಲ.

ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಅನುಕ್ರಮದಲ್ಲೇ ಮಾಡಬೇಕೆಂದು ಒತ್ತಿ ಹೇಳುತ್ತೇನೆ. ನೆಲ ಬದಲಾದರೆ ಆಸನದ ಎತ್ತರ ಬದಲಾಗುತ್ತದೆ, ಆಸನ ಬದಲಾದರೆ ಹಿಡಿಕೆಯ ಜಾಗ ಬದಲಾಗುತ್ತದೆ. ಹೀಗಾಗಿ ಗೋಡೆಗೆ ತೂತು ಕೊರೆಯುವ ಕೆಲಸ ಆರನೆಯ ಹಂತದಲ್ಲಿ ಬರುತ್ತದೆ, ಅದಕ್ಕೂ ಮೊದಲು ಬರಬಾರದು.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಅಳತೆಯ ಟೇಪು, ಸೀಮೆಸುಣ್ಣ, ರಸಮಟ್ಟ, ನೀರಿನ ಬಿಸಿ ಅಳೆಯುವ ಥರ್ಮಾಮೀಟರ್, ಒಂದು ಟಾರ್ಚು, ಬರೆದಿಡಲು ಪುಸ್ತಕ. ಡ್ರಿಲ್ ಯಂತ್ರ, ಅದಕ್ಕೆ ಸಿಕ್ಕಿಸುವ ಟೈಲ್ಸ್ ಕೊರೆಯುವ ಬಿಟ್ಟು (ಮೊನೆ) ಮತ್ತು ಗೋಡೆಯೊಳಗೆ ಹಿಡಿದು ನಿಲ್ಲುವ ಆಂಕರ್ ಬೋಲ್ಟುಗಳು ಆರನೆಯ ಹಂತಕ್ಕೆ ಬೇಕು.

ಹಂತ 1: ಒಂದು ವಾರ ನೋಡಿ, ಅಳೆದು, ಬರೆದಿಡಿ

ನೆಲ ಒಣಗಿರುವ ಹೊತ್ತಿನಲ್ಲಿ, ಬಟ್ಟೆ ತೊಟ್ಟುಕೊಂಡೇ, ಹಿರಿಯರು ಸ್ನಾನಕ್ಕೆ ಹೋಗುವ ರೀತಿಯನ್ನು ಒಮ್ಮೆ ಮಾಡಿ ತೋರಿಸುವಂತೆ ಕೇಳಿಕೊಳ್ಳಿ. ಬಾಗಿಲು ದಾಟುವಾಗ, ತಿರುಗುವಾಗ, ಕೂರುವಾಗ, ಏಳುವಾಗ ಅವರ ಕೈ ತಾನಾಗಿ ಹೋಗುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿ. ಹೆಚ್ಚಿನವರ ಕೈ ನಲ್ಲಿಯ ಮೇಲೆ, ಟವೆಲ್ ಹಾಕುವ ಸರಳಿನ ಮೇಲೆ ಅಥವಾ ಬಾಗಿಲಿನ ಅಂಚಿನ ಮೇಲೆ ಹೋಗುತ್ತದೆ. ಇವು ಯಾವುವೂ ದೇಹದ ಭಾರ ಹೊರಲು ಮಾಡಿದವಲ್ಲ. ಆದರೆ ಹಿಡಿಕೆ ಎಲ್ಲಿ ಬೇಕೆಂಬುದನ್ನು ಆ ಗುರುತುಗಳಷ್ಟು ಖಚಿತವಾಗಿ ಬೇರೆ ಯಾವುದೂ ಹೇಳುವುದಿಲ್ಲ.

ಅನಂತರ ನಾಲ್ಕು ಅಳತೆಗಳನ್ನು ತೆಗೆದುಕೊಳ್ಳಿ: ಕುಳಿತಾಗ ಮಂಡಿಯ ಹಿಂಬದಿಯ ಮಡಿಕೆಯಿಂದ ನೆಲದವರೆಗಿನ ಎತ್ತರ, ನಿಂತಾಗ ಮೊಣಕೈಯಿಂದ ನೆಲದವರೆಗಿನ ಎತ್ತರ, ಬಾಗಿಲಿನ ಒಳ ಅಗಲ, ಹೊಸ್ತಿಲಿನ ಎತ್ತರ. ಯಾವ ಕಾಲು ದುರ್ಬಲ, ಯಾವ ಕೈಯಲ್ಲಿ ಬಲ ಹೆಚ್ಚು ಎಂಬುದನ್ನೂ ಬರೆದುಕೊಳ್ಳಿ. ಪಾರ್ಶ್ವವಾಯು ಆಗಿರುವವರ ವಿಷಯದಲ್ಲಿ ಈ ಒಂದು ಸಾಲು ಉಳಿದ ಎಲ್ಲಾ ಅಳತೆಗಳಿಗಿಂತ ಮುಖ್ಯ.

ಕೆಲವು ಸೂಚನೆಗಳು ಕಂಡರೆ ಗೋಡೆಯ ಕೆಲಸಕ್ಕೆ ಮೊದಲು ವೈದ್ಯರನ್ನು ಕಾಣಬೇಕು. ಸ್ನಾನ ಮುಗಿಸಿ ಏಳುವಾಗ ಕಣ್ಣು ಕತ್ತಲೆ ಕಟ್ಟುವುದು ಅವುಗಳಲ್ಲಿ ಮೊದಲನೆಯದು. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅದರ ಜೊತೆಗೆ ರಕ್ತದೊತ್ತಡದ ಮಾತ್ರೆ ಅಥವಾ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್‌ನಂತಹ ಮಾತ್ರೆ ಸೇರಿದರೆ, ಎದ್ದು ನಿಂತ ಕ್ಷಣ ರಕ್ತದೊತ್ತಡ ಕುಸಿಯುವುದುಂಟು. ಮಲಗಿದ್ದಾಗ ಇದ್ದ ಮೇಲಿನ ಅಂಕಿ ನಿಂತ ಮೂರು ನಿಮಿಷದೊಳಗೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಅದನ್ನು ತೊಂದರೆಯೆಂದೇ ಪರಿಗಣಿಸುತ್ತಾರೆ. ಎಂತಹ ಹಿಡಿಕೆಯೂ ಪ್ರಜ್ಞೆ ತಪ್ಪುವವರನ್ನು ಹಿಡಿದು ನಿಲ್ಲಿಸಲಾರದು.

ಎರಡನೆಯ ಸೂಚನೆ ಸದ್ದಿಲ್ಲದೆ ಬರುತ್ತದೆ. ದಿನವೂ ಸ್ನಾನ ಮಾಡುತ್ತಿದ್ದವರು ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಮಾಡತೊಡಗಿದರೆ, 'ಇವತ್ತು ಚಳಿ, ನಾಳೆ ನೋಡೋಣ' ಎಂದು ಮುಂದೂಡಿದರೆ, ಅದನ್ನು ಸೋಮಾರಿತನವೆಂದು ತಿಳಿಯಬೇಡಿ. ಬಹಳಷ್ಟು ಸಲ ಅವರು ಈಗಾಗಲೇ ಒಮ್ಮೆ ಜಾರಿದ್ದಾರೆ, ಮಕ್ಕಳಿಗೆ ಹೇಳಿಲ್ಲ, ಅಷ್ಟೇ.

ಹಂತ 2: ಸ್ನಾನದ ವಿಧಾನವನ್ನು ನಿರ್ಧರಿಸಿ

ಮುಂದಿನ ಎಲ್ಲಾ ಕೆಲಸ ಈ ನಿರ್ಧಾರದ ಮೇಲೆ ನಿಂತಿದೆ. ಮೂರು ದಾರಿಗಳಿವೆ: ಆಸನದ ಮೇಲೆ ಕುಳಿತು ಬಕೆಟ್ಟಿನಿಂದ ಸ್ನಾನ, ಆಸನದ ಮೇಲೆ ಕುಳಿತು ಕೈಯಲ್ಲಿ ಹಿಡಿಯುವ ಶವರಿನಿಂದ ಸ್ನಾನ, ಅಥವಾ ಪಕ್ಕದಲ್ಲಿ ಬಾಗಿಲಿರುವ ಬಾತ್‌ಟಬ್. ಹೊರದೇಶದಲ್ಲಿರುವ ಮಕ್ಕಳು ಜಾಹೀರಾತು ನೋಡಿ ಮೂರನೆಯದನ್ನು ಊರಿನ ಮನೆಗೆ ತರಿಸಲು ಮುಂದಾಗುವುದರಿಂದ ಅದರ ಲೆಕ್ಕವನ್ನು ಮೊದಲು ಬಿಡಿಸಿಡುತ್ತೇನೆ.

ಬಾಗಿಲಿರುವ ಟಬ್ಬಿನಲ್ಲಿ ಕಾಲು ಎತ್ತಿ ದಾಟುವ ಕಷ್ಟ ಕಡಿಮೆ, ಇದು ನಿಜವಾದ ಅನುಕೂಲ. ಆದರೆ ಒಳಗೆ ಹೋಗಿ, ಕುಳಿತು, ಬಾಗಿಲು ಭದ್ರಪಡಿಸಿದ ಮೇಲೆಯೇ ನೀರು ತುಂಬಿಸಬೇಕು. ಸ್ನಾನ ಮುಗಿದ ಮೇಲೆ ನೀರೆಲ್ಲ ಇಳಿಯುವವರೆಗೆ ಒದ್ದೆ ಮೈಯಲ್ಲೇ ಒಳಗೆ ಕಾಯಬೇಕು. ಒಳಮುಖವಾಗಿ ತೆರೆಯುವ ಬಾಗಿಲಿದ್ದರೆ, ನೀರು ತುಂಬಿರುವಾಗ ಅದರ ಒತ್ತಡದಿಂದ ಬಾಗಿಲನ್ನು ತೆರೆಯಲಾಗುವುದಿಲ್ಲ. ತಲೆ ಸುತ್ತುವವರಿಗೆ, ಮರೆವಿನ ಕಾಯಿಲೆ ಇರುವವರಿಗೆ, ಮನೆಯಲ್ಲಿ ಒಬ್ಬರೇ ಇರುವವರಿಗೆ ಈ ಕಾರಣಕ್ಕಾಗಿ ನಾನು ಅದನ್ನು ಸೂಚಿಸುವುದಿಲ್ಲ.

ನೀರಿನ ಲೆಕ್ಕ ಇನ್ನೂ ಕಠಿಣವಾಗಿದೆ. ಇಂತಹ ಟಬ್ಬಿಗೆ, ಒಳಗೆ ಕುಳಿತ ದೇಹ ಆಕ್ರಮಿಸುವ ಜಾಗವನ್ನು ಕಳೆದರೂ, ನೂರು ಲೀಟರಿಗಿಂತ ಹೆಚ್ಚು ಬೆಚ್ಚನೆಯ ನೀರು ಬೇಕಾಗುತ್ತದೆ. 25 ಲೀಟರಿನ ಗೀಸರಿನಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ನೀರನ್ನು 25 ಡಿಗ್ರಿಯ ನಲ್ಲಿ ನೀರಿನೊಂದಿಗೆ ಬೆರೆಸಿದರೆ 38 ಡಿಗ್ರಿಯ ನೀರು ಹೆಚ್ಚೆಂದರೆ 67 ಲೀಟರಿನಷ್ಟು ಸಿಗುತ್ತದೆ. ಟಬ್ ಅರ್ಧ ತುಂಬುವ ಹೊತ್ತಿಗೆ ತಣ್ಣೀರು ಬರತೊಡಗುತ್ತದೆ, ಹಿರಿಯರು ಮೈ ನೆನೆದು ಚಳಿಯಲ್ಲಿ ಕುಳಿತಿರುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವ ಬೆಂಗಳೂರಿನ ಮನೆಗಳಲ್ಲಿ ಒಂದು ಸ್ನಾನಕ್ಕೆ ಇಷ್ಟು ನೀರು ಎನ್ನುವುದೂ ಯೋಚಿಸಬೇಕಾದ ವಿಷಯವೇ. ಬಕೆಟ್ ಸ್ನಾನಕ್ಕೆ 20 ರಿಂದ 40 ಲೀಟರ್ ಸಾಕು.

ಇನ್ನು ಭಾರ. ಟಬ್, ನೀರು, ವ್ಯಕ್ತಿ ಎಲ್ಲ ಸೇರಿ ಸುಮಾರು ಒಂದು ಚದರ ಮೀಟರ್ ಜಾಗದ ಮೇಲೆ 250 ರಿಂದ 350 ಕಿಲೋ ಕೂರುತ್ತದೆ. ಕಟ್ಟಡದ ಭಾರಗಳನ್ನು ಹೇಳುವ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದಲ್ಲಿ ಮನೆಯ ಬಚ್ಚಲಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಭಾರವನ್ನು ಲೆಕ್ಕಕ್ಕೆ ಹಿಡಿಯಲಾಗಿದೆ. ಮಹಡಿಯ ಮನೆಯಾದರೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಒಪ್ಪದೆ ಟಬ್ ಇಡಿಸಬೇಡಿ.

ಅಮೆರಿಕದಂತಹ ಕಡೆ ಮಕ್ಕಳ ಮನೆಗೆ ಹೋಗಿರುವ ತಂದೆತಾಯಿಯ ಸ್ಥಿತಿ ಬೇರೆ. ಅಲ್ಲಿ ಬಹಳಷ್ಟು ಮನೆಗಳಲ್ಲಿ ಶವರ್ ಇರುವುದೇ ಮೊಣಕಾಲೆತ್ತರದ ಅಂಚಿರುವ ಟಬ್ಬಿನೊಳಗೆ. ಬಚ್ಚಲಿನ ನೆಲಕ್ಕೆ ನೀರು ಚೆಲ್ಲುವಂತಿಲ್ಲ. ಆರು ತಿಂಗಳ ಭೇಟಿಗೆ ಟಬ್ ಕೀಳಿಸಬೇಕಾಗಿಲ್ಲ. ಎರಡು ಕಾಲು ಟಬ್ಬಿನ ಒಳಗೆ, ಎರಡು ಕಾಲು ಹೊರಗೆ ನಿಲ್ಲುವ ಟ್ರಾನ್ಸ್‌ಫರ್ ಬೆಂಚಿನ ಮೇಲೆ ಹೊರಗಡೆ ಕುಳಿತು, ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಂಡು ಜರುಗಬಹುದು. ಹಿರಿಯರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೂಲ ಮೆಡಿಕೇರ್ ಯೋಜನೆ ಬಾಗಿಲಿನ ಟಬ್ಬಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ ಎಂಬುದನ್ನು, ಅಲ್ಲೇ ನೆಲೆಸಿರುವ ಹಿರಿಯರ ಮಕ್ಕಳು ತಿಳಿದಿರಬೇಕು.

ನಮ್ಮ ಊರಿನ ಮನೆಗೆ ನನ್ನ ಸಲಹೆ ಸ್ಪಷ್ಟ: ಗಟ್ಟಿಯಾದ ಆಸನ, ಎತ್ತರದಲ್ಲಿಟ್ಟ ಬಕೆಟ್, ಜೊತೆಗೆ ಸಾಧ್ಯವಿದ್ದರೆ ಕೈ ಶವರ್. ಮುಂದಿನ ಹಂತಗಳನ್ನು ಇದಕ್ಕೆ ಹೊಂದಿಸಿ ಬರೆದಿದ್ದೇನೆ.

ಹಂತ 3: ನೆಲ, ವಾಟ, ಹೊಸ್ತಿಲು

ಮೊದಲು ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡಿ. ನೀರು ನಿಂತ ಜಾಗವೆಲ್ಲ ನಾಳೆ ಪಾಚಿ ಕಟ್ಟುವ ಜಾಗ. ವಾಟ, ಅಂದರೆ ನೀರು ಹರಿಯಲು ಬೇಕಾದ ಇಳಿಜಾರು, ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಸ್ಟೂಲು ಅಲ್ಲಾಡುತ್ತದೆ, ನಡೆಯುವವರ ಹೆಜ್ಜೆಯೂ ವಾಲುತ್ತದೆ.

ನೆಲದ ಟೈಲ್ಸ್ ಬದಲಿಸುವುದಾದರೆ ಹೊಳಪಿನ ದೊಡ್ಡ ಟೈಲ್ಸ್ ಬೇಡ. ಒರಟು ಮೈಯ, ಚಿಕ್ಕ ಅಳತೆಯ ಟೈಲ್ಸ್ ಹಾಕಿಸಿ, ಅವುಗಳ ನಡುವಿನ ಸಂದುಗಳು ಕಾಲಿಗೆ ಹಿಡಿತ ಕೊಡುತ್ತವೆ. ಅಂಗಡಿಯವರು ಆರ್10, ಆರ್11 ಎಂದು ತೋರಿಸುವ ಅಂಕಿಗಳು ಚಪ್ಪಲಿ ಅಥವಾ ಬೂಟು ಹಾಕಿದ ಕಾಲಿನ ಪರೀಕ್ಷೆಯಿಂದ ಬಂದವು. ಒದ್ದೆಯಾದ ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆ ಇದೆ. ಸ್ನಾನದ ಜಾಗಕ್ಕೆ ಬಿ ಅಥವಾ ಸಿ ಇರಬೇಕು. ಅಂಗಡಿಯಲ್ಲೇ ತುಂಡಿನ ಮೇಲೆ ನೀರು ಮತ್ತು ಸ್ವಲ್ಪ ಸೋಪು ಹಾಕಿ ಬರಿಗಾಲಿನಿಂದ ತಳ್ಳಿ ನೋಡುವುದಕ್ಕೆ ಸಂಕೋಚ ಬೇಡ.

ಹಳೆಯ ಟೈಲ್ಸ್ ಮೇಲೆ ಹೊಸ ಟೈಲ್ಸ್ ಅಂಟಿಸುವುದು ಅಗ್ಗವೆಂದು ಹಲವರು ಒಪ್ಪಿಬಿಡುತ್ತಾರೆ. ಹಾಗೆ ಮಾಡಿದರೆ ನೆಲ ಒಂದೂವರೆಯಿಂದ ಎರಡು ಸೆಂಟಿಮೀಟರ್ ಮೇಲೇರುತ್ತದೆ, ನೀರು ಕೋಣೆಗೆ ಹರಿಯುವ ಭಯದಿಂದ ಹೊಸ್ತಿಲನ್ನೂ ಎತ್ತರಿಸುತ್ತಾರೆ, ಕಾಲು ಎಡವುವ ಜಾಗವೊಂದು ಹೊಸದಾಗಿ ಹುಟ್ಟುತ್ತದೆ. ಹಳೆಯದನ್ನು ಒಡೆದು ತೆಗೆಯುವುದಾದರೆ ಅಡಿಯ ವಾಟರ್‌ಪ್ರೂಫ್ ಪದರವೂ ಹರಿದಿರುತ್ತದೆಂದೇ ತಿಳಿಯಬೇಕು. ಹೊಸ ಪದರ ಹಾಕಿ, ಜಾಲರಿ ಮುಚ್ಚಿ, 24 ರಿಂದ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿಯಲ್ಲಿ ತೇವ ಕಾಣದಿದ್ದರೆ ಮಾತ್ರ ಟೈಲ್ಸ್ ಹಾಕಿಸಿ. ಅಪಾರ್ಟ್‌ಮೆಂಟ್ ಆದರೆ ಸಂಘದ ಅನುಮತಿ ಮೊದಲೇ ಪಡೆಯಿರಿ, ಕೆಲಸ ನಡೆಯುವ ದಿನಗಳಲ್ಲಿ ಹಿರಿಯರು ಎಲ್ಲಿ ಸ್ನಾನ ಮಾಡುತ್ತಾರೆಂದು ಮುಂಚೆಯೇ ಗೊತ್ತುಮಾಡಿ.

ಟೈಲ್ಸ್ ಬದಲಿಸಲು ಆಗದಿದ್ದರೆ ನೆಲವನ್ನು ಒರಟಾಗಿಸುವ ರಾಸಾಯನಿಕ ಲೇಪವನ್ನು ಹಾಕಿಸಬಹುದು. ಅಡಿಯಲ್ಲಿ ಹೀರುಬಟ್ಟಲುಗಳಿರುವ ರಬ್ಬರ್ ಹಾಸನ್ನೂ ಹಾಕಬಹುದು. ಹಾಸನ್ನು ದಿನವೂ ಎತ್ತಿ ಒಣಗಿಸದಿದ್ದರೆ ಅದರ ಅಡಿಯಲ್ಲೇ ಲೋಳೆ ಕಟ್ಟಿ, ಹಾಸು ಸಮೇತ ಜಾರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ಒಂದು ವಾರವೂ ಬೇಡ. ಬಾಗಿಲ ಹೊರಗಿನ ಹಳೆ ಸೀರೆಯ ಕಾಲೊರಸನ್ನು ತೆಗೆದು, ಅಡಿಯಲ್ಲಿ ರಬ್ಬರ್ ಇರುವುದನ್ನು ಹಾಕಿ.

ಎಣ್ಣೆ ಸ್ನಾನದ ವಿಷಯವನ್ನು ಇಲ್ಲಿ ಹೇಳಲೇಬೇಕು. ನರಕ ಚತುರ್ದಶಿಯ ಬೆಳಗ್ಗೆ ಅಥವಾ ವಾರದ ಎಣ್ಣೆ ನೀರಿನ ದಿನ ಹಿರಿಯರಿಗೆ ಬೇಡ ಎನ್ನುವುದು ಸರಿಯಲ್ಲ, ಆದರೆ ಎಣ್ಣೆ ಹಚ್ಚುವುದು ಬಚ್ಚಲಿನ ಹೊರಗೆ, ಕುರ್ಚಿಯ ಮೇಲೆ ಕೂರಿಸಿ ನಡೆಯಲಿ. ಅಂಗಾಲಿಗೆ ಹಚ್ಚಬೇಡಿ, ಹಚ್ಚಿದ್ದರೆ ಕಡಲೆಹಿಟ್ಟಿನಿಂದ ಉಜ್ಜಿ ಒರೆಸಿದ ಮೇಲೆಯೇ ನಡೆಸಿಕೊಂಡು ಹೋಗಿ. ಸ್ನಾನ ಮುಗಿದ ತಕ್ಷಣ ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ನೆಲ ತಿಕ್ಕಿ. ಇಲ್ಲದಿದ್ದರೆ ಎಣ್ಣೆ ಹಚ್ಚಿಕೊಂಡವರು ಕ್ಷೇಮವಾಗಿ ಹೊರಬಂದು, ಅವರ ಹಿಂದೆ ಸ್ನಾನಕ್ಕೆ ಹೋದವರು ಜಾರುತ್ತಾರೆ.

ಹಂತ 4: ಬಾಗಿಲು ಮತ್ತು ಚಿಲಕ

ನಮ್ಮ ಬಚ್ಚಲುಗಳ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ ಹೊರಗಿನಿಂದ ತಳ್ಳುವುದು ಅವರನ್ನೇ ನೋಯಿಸುತ್ತದೆ. ಕೀಲುಗಳನ್ನು ಬದಲಿಸಿ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸುವುದು ಬಡಗಿಗೆ ಒಂದು ದಿನದ ಕೆಲಸ. ಹೊರಗೆ ಜಾಗವಿಲ್ಲದಿದ್ದರೆ ಜರುಗುವ ಬಾಗಿಲು ಹಾಕಿಸಬಹುದು. ಒಳಗಿನ ಚಿಲಕವನ್ನು ತೆಗೆದು, ಹೊರಗಿನಿಂದ ನಾಣ್ಯದಲ್ಲೋ ಸ್ಕ್ರೂಡ್ರೈವರಿನಲ್ಲೋ ತಿರುಗಿಸಿ ತೆರೆಯಬಹುದಾದ ಬೀಗ ಹಾಕಿಸಿ. ಚಿಲಕವಿಲ್ಲದೆ ಸ್ನಾನ ಮಾಡಿ ಎಂದು ಹಿರಿಯರಿಗೆ ಹೇಳುವುದು ಅವರ ಮಾನಕ್ಕೆ ಸಂಬಂಧಿಸಿದ ಮಾತು, ಅದನ್ನು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಂತ 5: ಆಸನ ಮತ್ತು ಬಕೆಟ್ ಕಟ್ಟೆ

ಹಲಗೆಯ ಮಣೆಯ ಮೇಲೆ ಕುಳಿತು ಸ್ನಾನ ಮಾಡಿ ರೂಢಿಯಾದವರು ಅದನ್ನು ಬಿಡಲು ಒಪ್ಪುವುದಿಲ್ಲ. ಅವರಿಗೆ ಕೂರಲು ಕಷ್ಟವಿರುವುದಿಲ್ಲ; ಕಷ್ಟವಿರುವುದು ಏಳಲು. ಒಂದನೆಯ ಹಂತದಲ್ಲಿ ಅಳೆದ ಮಂಡಿಯ ಎತ್ತರವೇ ಆಸನದ ಎತ್ತರ, ಮಂಡಿ ನೋವಿದ್ದವರಿಗೆ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚು. ಅಂಗಾಲು ಪೂರ್ತಿ ನೆಲಕ್ಕೆ ತಾಗಬೇಕು, ಹಿಮ್ಮಡಿ ಎದ್ದಿರಬಾರದು.

ಸ್ನಾನಕ್ಕೆಂದೇ ಮಾಡಿದ, ಕಾಲಿನ ತುದಿಗೆ ಅಗಲವಾದ ರಬ್ಬರ್ ಇರುವ, ಎರಡೂ ಕಡೆ ಕೈಯಿರುವ, ನೀರು ಇಳಿಯಲು ತೂತುಗಳಿರುವ ಆಸನವನ್ನು ತನ್ನಿ. ಹಜಾರದ ಪ್ಲಾಸ್ಟಿಕ್ ಕುರ್ಚಿಯನ್ನೇ ಬಚ್ಚಲಿಗೆ ಒಯ್ಯುವುದು ನಾನು ಕಂಡ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು. ಒದ್ದೆ ನೆಲದಲ್ಲಿ ಅದರ ಕಾಲುಗಳು ಹೊರಕ್ಕೆ ಅಗಲುತ್ತವೆ, ಏಳುವಾಗ ಒಂದು ಕೈಯ ಮೇಲೆ ಭಾರ ಹಾಕಿದರೆ ಮಗುಚುತ್ತದೆ. ಆಸನ ತಂದ ದಿನ ನೀವೇ ಒದ್ದೆ ನೆಲದ ಮೇಲೆ ಅದರಲ್ಲಿ ಕುಳಿತು, ಒಂದು ಬದಿಗೆ ವಾಲಿ, ಒಂದೇ ಕೈ ಊರಿ ಎದ್ದು ನೋಡಿ.

ಬಕೆಟ್ ನೆಲದ ಮೇಲೆ ಉಳಿದರೆ ಆಸನದಿಂದ ಅರ್ಧ ಲಾಭ ಮಾತ್ರ. ಪ್ರತಿ ಚೊಂಬಿಗೂ ಅವರು ಮುಂದಕ್ಕೆ ಬಾಗಬೇಕು, ತಲೆ ಕೆಳಗಾಗಬೇಕು, ಮತ್ತೆ ನೆಟ್ಟಗಾಗಬೇಕು. ತಲೆ ಸುತ್ತುವುದು ಇಲ್ಲಿಯೇ. ಬಕೆಟ್ಟಿನ ಬಾಯಿ ಕುಳಿತವರ ತೊಡೆಯ ಮಟ್ಟಕ್ಕಿಂತ ತುಸು ಮೇಲೆ ಬರುವಂತೆ ಇಟ್ಟಿಗೆಯ ಗಿಡ್ಡ ಕಟ್ಟೆ ಕಟ್ಟಿಸಿ, ಬಲವಿರುವ ಕೈಯ ಕಡೆಗೆ. ನಲ್ಲಿ ಈಗಿರುವ ಎತ್ತರದಲ್ಲಿ ಬಕೆಟ್ ಅದರ ಕೆಳಗೆ ಹಿಡಿಯದಿದ್ದರೆ ನಲ್ಲಿಗೆ ಕೊಳವೆ ಸಿಕ್ಕಿಸಿ ತುಂಬಿಸಬಹುದು, ತುಂಬಿದ ಬಕೆಟ್ ಎತ್ತುವ ಕೆಲಸ ಮಾತ್ರ ಹಿರಿಯರಿಗೆ ಬರಬಾರದು. ಸೋಪು, ಸೀಗೆಪುಡಿ, ಟವೆಲ್ ಕುಳಿತಲ್ಲಿಂದ ಕೈಗೆ ಸಿಗಲಿ. ಕೈ ಶವರ್ ಹಾಕುವುದಾದರೆ ಕೊಳವೆ ಒಂದೂವರೆ ಮೀಟರಿಗೆ ಕಡಿಮೆಯಿರಬಾರದು, ತಿರುಗಿಸುವ ಹಿಡಿ ಕುಳಿತವರ ಅಳತೆಯಲ್ಲಿರಬೇಕು.

ಹಂತ 6: ಹಿಡಿಕೆಗಳು

ಈಗ ಆಸನವನ್ನು ಅದರ ಜಾಗದಲ್ಲಿಟ್ಟು, ಹಿರಿಯರನ್ನು ಕೂರಿಸಿ, ಒಂದನೆಯ ಹಂತದ ಅಭ್ಯಾಸವನ್ನು ಇನ್ನೊಮ್ಮೆ ಮಾಡಿಸಿ. ಮೊದಲಿನ ಗುರುತುಗಳಲ್ಲಿ ಕೆಲವು ಬದಲಾಗಿರುತ್ತವೆ. ಎರಡನೆಯ ಸಲದ ಗುರುತುಗಳೇ ಅಂತಿಮ.

ಸಾಮಾನ್ಯವಾಗಿ ಮೂರು ಹಿಡಿಕೆಗಳು ಸಾಕು. ಬಾಗಿಲು ದಾಟಿದ ತಕ್ಷಣ ಸಿಗುವಂತೆ ನೆಟ್ಟಗೆ ನಿಲ್ಲಿಸಿದ ಒಂದು. ಆಸನದ ಪಕ್ಕದ ಗೋಡೆಯಲ್ಲಿ, ಕೂರುವ ಮಟ್ಟದಿಂದ 20 ರಿಂದ 25 ಸೆಂಟಿಮೀಟರ್ ಮೇಲೆ, ಮಂಡಿಗಿಂತ ಮುಂದಕ್ಕೂ ಚಾಚಿರುವ ಅಡ್ಡ ಹಿಡಿಕೆ ಒಂದು. ಕಮೋಡಿನ ಪಕ್ಕದಲ್ಲಿ ಅದೇ ಲೆಕ್ಕದ ಇನ್ನೊಂದು. ಮೇಲಕ್ಕೆ ಏಳಲು ಒತ್ತುವ ಕೈಗೆ ಅಡ್ಡ ಹಿಡಿಕೆ ಬೇಕು, ಎದ್ದ ಮೇಲೆ ತೂಗಾಡದಂತೆ ನಿಲ್ಲಲು ನೆಟ್ಟನೆಯದು ಬೇಕು. ಓರೆಯಾಗಿ ಹಾಕಿದ್ದು ನೋಡಲು ಚೆನ್ನ, ಆದರೆ ಸೋಪಿನ ಕೈ ಅದರ ಮೇಲೆ ಕೆಳಕ್ಕೆ ಜಾರುತ್ತದೆ. ಹಿಡಿಕೆಯ ದಪ್ಪ 32 ರಿಂದ 40 ಮಿಲಿಮೀಟರ್ ಇರಲಿ. ಗೋಡೆಗೂ ಅದಕ್ಕೂ ನಡುವೆ ಸುಮಾರು 4 ಸೆಂಟಿಮೀಟರ್ ಜಾಗ ಸಾಕು. ತೀರಾ ಹೆಚ್ಚಾದರೆ ಮುಂಗೈ ಅದರೊಳಗೆ ನುಸುಳಿ ಸಿಕ್ಕಿಹಾಕಿಕೊಳ್ಳುತ್ತದೆ. ಕರಾವಳಿಯ ಉಪ್ಪು ಗಾಳಿಗೆ 304 ದರ್ಜೆಯ ಸ್ಟೀಲಿಗಿಂತ 316 ದರ್ಜೆಯದು ಬಾಳುತ್ತದೆ.

ಗಾಳಿ ಹೀರಿ ಅಂಟಿಕೊಳ್ಳುವ ಹಿಡಿಕೆಗಳನ್ನು ಕೊಳ್ಳಲೇಬೇಡಿ. ಅವು ನಿನ್ನೆ ಗಟ್ಟಿಯಾಗಿದ್ದು ಇವತ್ತು ಸದ್ದಿಲ್ಲದೆ ಸಡಿಲವಾಗಿರುತ್ತವೆ. ಗಟ್ಟಿಯಿದೆಯೆಂಬ ನಂಬಿಕೆಯಿಂದ ಭಾರ ಹಾಕಿದಾಗಲೇ ಅವು ಬಿಡುತ್ತವೆ.

ಇನ್ನು ಗೋಡೆ. ನಮ್ಮ ತಾಯಿಯ ಮನೆಯಲ್ಲಿ ಕೆಲಸದವರು ಟೈಲ್ಸ್ ಕೊರೆದು, ಸಾಧಾರಣ ಪ್ಲಾಸ್ಟಿಕ್ ಪ್ಲಗ್ ತುರುಕಿ, ಗಿಡ್ಡ ಸ್ಕ್ರೂ ಬಿಗಿದು ಹೋದರು. ನಾನೂ ಕೈಯಲ್ಲಿ ಅಲ್ಲಾಡಿಸಿ ನೋಡಿ ಗಟ್ಟಿಯಿದೆ ಎಂದುಕೊಂಡೆ. ನಾಲ್ಕನೆಯ ತಿಂಗಳು ಅಮ್ಮ ಎದ್ದು ನಿಲ್ಲುವಾಗ ಅದು ಒಂದು ತುದಿಯಲ್ಲಿ ಕಿತ್ತು ಬಂತು. ಸ್ಕ್ರೂಗಳು ಗೋಡೆಯನ್ನು ತಲುಪಿಯೇ ಇರಲಿಲ್ಲ, ಟೈಲ್ಸ್ ಮತ್ತು ಅದರ ಹಿಂದಿನ ಗಾರೆಯಲ್ಲೇ ನಿಂತಿದ್ದವು. ಅಮ್ಮನಿಗೆ ಮಣಿಕಟ್ಟು ಉಳುಕಿತು, ಅಷ್ಟರಲ್ಲೇ ಹೋಯಿತು. ಅಂದಿನಿಂದ ಗೋಡೆಯ ಬಗೆ ತಿಳಿಯದೆ ತೂತು ಕೊರೆಯಲು ನಾನು ಯಾರಿಗೂ ಬಿಟ್ಟಿಲ್ಲ.

ಮೊದಲು ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ತುಂಬಿಲ್ಲ. ಅಲ್ಲಿ ಹಿಡಿಕೆ ಬೇಡ, ಅಥವಾ ಆ ಟೈಲ್ಸ್ ತೆಗೆಸಿ ತುಂಬಿಸಿದ ಮೇಲೆ ಹಾಕಿಸಿ. ಘನ ಕಾಂಕ್ರೀಟ್ ಬ್ಲಾಕ್ ಅಥವಾ ಸುಟ್ಟ ಇಟ್ಟಿಗೆಯ ಗೋಡೆಗೆ ಹಿಗ್ಗುವ ಸ್ಟೀಲ್ ಆಂಕರ್ ಸಾಕು, ಆದರೆ ಇಟ್ಟಿಗೆಯ ನಡುಭಾಗಕ್ಕೆ ಬೀಳಬೇಕು, ಸಂದಿಗೆ ಬೀಳಬಾರದು. ಟೊಳ್ಳು ಬ್ಲಾಕಿನಲ್ಲಿ ಜಾಲರಿ ಕೊಳವೆ ಹಾಕಿ, ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು. ಒಳಗೆ ಗಾಳಿಯ ಗುಳ್ಳೆಗಳಿರುವ, ಹಗುರವಾದ ಎಎಸಿ ಕಾಂಕ್ರೀಟ್ ಬ್ಲಾಕಿಗೆ ಅದಕ್ಕೆಂದೇ ಮಾಡಿದ ಆಂಕರುಗಳಿವೆ. ಕಾಂಕ್ರೀಟಿನ ಹಿಗ್ಗುವ ಬೋಲ್ಟು ಹಾಕಿದರೆ ಬ್ಲಾಕೇ ಒಡೆಯುತ್ತದೆ. ಕರಾವಳಿಯ ಕೆಂಪು ಕಲ್ಲು, ಹಳೆಯ ಮನೆಗಳ ಮಣ್ಣಿನ ಗೋಡೆ ಇವುಗಳಿಗೆ ಯಾವ ಬೋಲ್ಟನ್ನೂ ನೆಚ್ಚಬಾರದು. ಗೋಡೆಯ ಆಚೆ ಬದಿಗೆ ಸ್ಟೀಲ್ ಪಟ್ಟಿ ಇಟ್ಟು ಆರಪಾರು ಬೋಲ್ಟು ಬಿಗಿಸಿ, ಅದಾಗದಿದ್ದರೆ ನೆಲದಿಂದ ಎದ್ದು ನಿಲ್ಲುವ ಹಿಡಿಕೆ ಹಾಕಿಸಿ. ಅಮೆರಿಕದ ಮನೆಗಳಲ್ಲಿ ಗೋಡೆ ಜಿಪ್ಸಮ್ ಹಲಗೆಯದು. ಒಳಗಿನ ಮರದ ಕಂಬಗಳು ಸಾಮಾನ್ಯವಾಗಿ 40 ಸೆಂಟಿಮೀಟರಿಗೊಂದರಂತೆ ಇರುತ್ತವೆ, ಸ್ಕ್ರೂ ಆ ಮರಕ್ಕೇ ಇಳಿಯಬೇಕು.

ಕೊರೆಯುವ ಮೊದಲು ನಲ್ಲಿ, ಗೀಸರ್, ಸ್ವಿಚ್ಚುಗಳಿಂದ ನೇರ ಮೇಲಕ್ಕೂ ಕೆಳಕ್ಕೂ ಅಡ್ಡಕ್ಕೂ ಗೆರೆ ಎಳೆದು, ಆ ಗೆರೆಗಳ ಮೇಲೆ ಕೊರೆಯಬೇಡಿ. ಪೈಪು, ವೈರು ಹೋಗುವ ದಾರಿ ಅದೇ. ಟೈಲ್ಸ್ ಮೇಲೆ ಕಾಗದದ ಟೇಪು ಅಂಟಿಸಿ, ಡ್ರಿಲ್ಲಿನ ಹ್ಯಾಮರ್ (ಬಡಿಯುವ ಚಲನೆ) ನಿಲ್ಲಿಸಿ, ಟೈಲ್ಸ್ ಬಿಟ್ಟಿನಿಂದ ನಿಧಾನವಾಗಿ ಕೊರೆಯಬೇಕು. ಟೈಲ್ಸ್ ದಾಟಿದ ಮೇಲೆ ಗೋಡೆಯ ಬಿಟ್ಟು ಹಾಕಿ. ತೂತಿನ ಪುಡಿಯನ್ನು ಊದಿ ತೆಗೆಯದೆ ಆಂಕರ್ ಹಾಕಿದರೆ ಹಿಡಿತ ಬರುವುದಿಲ್ಲ. ಬಿಗಿದ ಮೇಲೆ ಬುಡದ ಸುತ್ತ ಸಿಲಿಕೋನ್ ತುಂಬಿ, ಇಲ್ಲದಿದ್ದರೆ ನೀರು ಒಳಗಿಳಿದು ಬೋಲ್ಟು ತುಕ್ಕು ಹಿಡಿಯುತ್ತದೆ.

ಕೊನೆಗೆ ಪರೀಕ್ಷೆ. ಕೆಮಿಕಲ್ ಆಂಕರಾದರೆ ಅಂಟು ಗಟ್ಟಿಯಾಗುವ ಅವಧಿ ಮುಗಿದ ಮೇಲೆ, ಮನೆಯಲ್ಲಿ ಹೆಚ್ಚು ತೂಕವಿರುವವರು ಹಿಡಿಕೆಯನ್ನು ಹಿಡಿದು ಕೆಳಕ್ಕೆ, ಹೊರಕ್ಕೆ, ಪಕ್ಕಕ್ಕೆ ಪೂರ್ತಿ ಭಾರ ಹಾಕಿ ಎಳೆಯಲಿ. ಅಮೆರಿಕದ ಅಂಗವಿಕಲರ ಅನುಕೂಲತೆಯ ಮಾನದಂಡ ಹಿಡಿಕೆಯು ಸುಮಾರು 113 ಕಿಲೋ ತಡೆಯಬೇಕೆನ್ನುತ್ತದೆ. ಕೂದಲೆಳೆಯಷ್ಟು ಅಲುಗಾಡಿದರೂ ಕೆಲಸದವರು ಮನೆ ಬಿಡುವ ಮೊದಲು ಬಿಚ್ಚಿಸಿ ಮತ್ತೆ ಹಾಕಿಸಿ.

ಹಂತ 7: ನೀರಿನ ಬಿಸಿ, ಗೀಸರ್, ಹಂಡೆ

60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. 49 ಡಿಗ್ರಿಯಲ್ಲಿ ಅದಕ್ಕೆ ಕೆಲವು ನಿಮಿಷ ಬೇಕು. ವಯಸ್ಸಾದವರ ಚರ್ಮ ತೆಳುವಾಗಿರುವುದರಿಂದ ಈ ಅವಧಿ ಇನ್ನೂ ಕಡಿಮೆ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರಿಗೆ ಸುಟ್ಟದ್ದು ಗೊತ್ತಾಗುವುದೇ ಗುಳ್ಳೆ ಎದ್ದ ಮೇಲೆ. ಮೈಗೆ ಬೀಳುವ ನೀರು 37 ರಿಂದ 40 ಡಿಗ್ರಿ ಇರಲಿ, ಥರ್ಮಾಮೀಟರಿನಲ್ಲಿ ನೋಡಿ. ಶವರಿಗೆ ಬಿಸಿಯನ್ನು ತಾನೇ ಮಿತಿಯಲ್ಲಿಡುವ ಥರ್ಮೋಸ್ಟಾಟಿಕ್ ನಲ್ಲಿ ಹಾಕಿಸಿದರೆ ಈ ಚಿಂತೆ ಬಹುಪಾಲು ಮುಗಿಯುತ್ತದೆ. ಬಕೆಟ್ಟಿಗೆ ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಅನಂತರ.

ಮಲೆನಾಡಿನ ಬಚ್ಚಲೊಲೆಯ ಮುಂದೆ ಸ್ನಾನ ಮಾಡುವ ಮನೆಗಳಲ್ಲಿ ಹಂಡೆಯಿಂದ ನೀರು ತೋಡುವ ಕೆಲಸವನ್ನು ಹಿರಿಯರಿಗೆ ಬಿಡಬೇಡಿ. ಮನೆಯ ಇನ್ನೊಬ್ಬರು ಬೆರೆಸಿ ಬಕೆಟ್ ಕಟ್ಟೆಯ ಮೇಲಿಟ್ಟು ಬರಲಿ. ಒಲೆಯ ಬಾಯಿಗೆ ಸೀರೆಯ ಸೆರಗು ತಾಗದಷ್ಟು ದೂರದಲ್ಲಿ ಆಸನವಿರಲಿ.

ವಿದ್ಯುತ್ ಗೀಸರಿನ ಸಾಲಿಗೆ ವಿದ್ಯುತ್ ಸೋರಿದ ಕೂಡಲೇ ಸಾಲನ್ನು ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕು, ಅರ್ಥಿಂಗ್ ಸರಿಯಿದೆಯೆಂದು ಎಲೆಕ್ಟ್ರೀಷಿಯನ್ ಅಳೆದು ಹೇಳಬೇಕು. ಬಕೆಟ್ಟಿನಲ್ಲಿ ಅದ್ದುವ ಕಾಯಿಲ್ ಹಿರಿಯರ ಬಚ್ಚಲಿನಲ್ಲಿ ಇರಲೇಬಾರದು. ಗ್ಯಾಸ್ ಗೀಸರ್ ಬಚ್ಚಲಿನ ಒಳಗಿದ್ದರೆ ಇವತ್ತೇ ಹೊರಗೆ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಅದು ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಸುಸ್ತು ಎನ್ನುವಷ್ಟರಲ್ಲಿ ಎಚ್ಚರ ತಪ್ಪುತ್ತದೆ. ನಮ್ಮ ರಾಜ್ಯದಲ್ಲೇ ಹೀಗೆ ಜೀವಗಳು ಹೋಗಿವೆ.

ಹಂತ 8: ಬೆಳಕು ಮತ್ತು ಕರೆಗಂಟೆ

ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಮಂದ ದೀಪವಿರಲಿ. ಬಿಳಿ ಗೋಡೆಗೆ ಬಿಳಿ ಹಿಡಿಕೆ, ಬಿಳಿ ನೆಲಕ್ಕೆ ಬಿಳಿ ಕಮೋಡು ಆದರೆ ಕಣ್ಣಿನ ಪೊರೆ ಇರುವವರಿಗೆ ಏನೂ ಬೇರೆಯಾಗಿ ಕಾಣುವುದಿಲ್ಲ. ಹಿಡಿಕೆಗೆ ಗಾಢ ಬಣ್ಣದ ಪಟ್ಟಿ ಸುತ್ತಿ. ಕರೆಗಂಟೆಯ ದಾರ ನೆಲದಿಂದ 10 ರಿಂದ 15 ಸೆಂಟಿಮೀಟರ್ ಎತ್ತರದವರೆಗೆ ಇಳಿದಿರಬೇಕು, ಏಕೆಂದರೆ ಅದು ಬೇಕಾಗುವುದು ಬಿದ್ದವರಿಗೆ.

ಹಂತ 9: ಮೊದಲ ಸ್ನಾನ ಮತ್ತು ಆಮೇಲಿನ ತಪಾಸಣೆ

ಮೊದಲ ಮೂರು ನಾಲ್ಕು ಸ್ನಾನಗಳಿಗೆ ಬಾಗಿಲ ಹೊರಗೆ ಒಬ್ಬರು ನಿಂತಿರಲಿ. ಸ್ನಾನ ಮುಗಿದ ಮೇಲೆ ಕುಳಿತಲ್ಲೇ ಮೈ ಒರೆಸಿಕೊಂಡು, ಎರಡು ನಿಮಿಷ ಕಾಲಾಡಿಸಿ, ಆಮೇಲೆ ಏಳುವುದು ರೂಢಿಯಾಗಬೇಕು. ಬಟ್ಟೆ ಹಾಕಿಕೊಳ್ಳುವುದೂ ಕುಳಿತೇ. ಒಂದು ಕಾಲಿನ ಮೇಲೆ ನಿಂತು ಪಂಚೆಯನ್ನೋ ಪೈಜಾಮವನ್ನೋ ಏರಿಸುವಾಗ ಬೀಳುವವರು ಬಹಳ.

ಇಷ್ಟಾದ ಮೇಲೂ ಬಿದ್ದರೆ ಕಂಕುಳಿಗೆ ಕೈ ಹಾಕಿ ತಕ್ಷಣ ಎತ್ತಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿಯಲ್ಲಿ ನೋವಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲುಗಾಡಿಸದೆ, ಹೊದಿಕೆ ಹೊದಿಸಿ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಏನೂ ಆಗಿಲ್ಲವೆಂದು ಅವರೇ ಹೇಳಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಪೆಟ್ಟಿಲ್ಲವೆಂದು ಖಚಿತವಾದರೆ ಮಾತ್ರ ಪಕ್ಕಕ್ಕೆ ಹೊರಳಿಸಿ, ಮಂಡಿಯೂರಿಸಿ, ಮುಂದೆ ಗಟ್ಟಿ ಕುರ್ಚಿಯಿಟ್ಟು ಅದನ್ನು ಹಿಡಿದು ಅವರೇ ಏಳುವಂತೆ ನೆರವಾಗಿ.

ತಿಂಗಳಿಗೊಮ್ಮೆ ಹಿಡಿಕೆಗಳಿಗೆ ಭಾರ ಹಾಕಿ ಎಳೆದು ನೋಡಿ, ಬುಡದ ಟೈಲ್ಸ್ ತಟ್ಟಿ ಸದ್ದು ಕೇಳಿ, ಆಸನದ ರಬ್ಬರ್ ಸವೆದಿದ್ದರೆ ಬದಲಿಸಿ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ. ಹಿರಿಯರು ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಮರಳಿದರೆ, ಅಥವಾ ವೈದ್ಯರು ರಕ್ತದೊತ್ತಡದ ಮಾತ್ರೆ ಬದಲಿಸಿದರೆ, ಮೊದಲ ಸ್ನಾನಕ್ಕೆ ಮುಂಚೆಯೇ ಸೀಮೆಸುಣ್ಣ ಹಿಡಿದು ಒಂದನೆಯ ಹಂತದ ಅಭ್ಯಾಸವನ್ನು ಹೊಸದಾಗಿ ಮಾಡಿಸಿ. ಅವರ ಕೈ ಈಗ ಬೇರೆ ಜಾಗವನ್ನು ಹುಡುಕುತ್ತಿರಬಹುದು.